ಬಣ್ಣವಿಲ್ಲದ ಎರಡು ಪುಸ್ತಕಗಳು

ಫೆಬ್ರವರಿ ೪, ಮಂಗಳವಾರ

ಮೇಲಿನ ಮನೆಯ ಲೇಖಕರು ನಿನ್ನೆ ಮಧ್ಯಾಹ್ನ ತೀರಿಕೊಂಡರು. ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ವಯಸ್ಸು ಎಪ್ಪತ್ತಾರು. ಅವರ ತಂಗಿ ಮೆಟ್ಟಿಲಿಳಿದು ಬಂದು, "ಕನ್ನಡಕದೋರೇ, ಸ್ವಲ್ಪ ಮೇಲೆ ಬರ್ತೀರಾ" ಎಂದಾಗ ನಾನು ಗಿರಾಕಿಯೊಬ್ಬರ ಕಣ್ಣಿನ ಅಳತೆ ತೆಗೆಯುತ್ತಿದ್ದೆ. ಹೋದೆ. ಡಾಕ್ಟರನ್ನು ಕರೆಸಿದೆ. ನೆರೆಯವನು ಮಾಡಬೇಕಾದ್ದನ್ನೆಲ್ಲ ಮಾಡಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಅಂಗಡಿಯ ಬಾಗಿಲೆತ್ತಲು ಬಂದರೆ ಬಾಗಿಲೇ ಕಾಣದಷ್ಟು ಜನ. ಮೇಲಕ್ಕೆ ಹೋಗುವ ಮೆಟ್ಟಿಲು ನನ್ನ ಅಂಗಡಿಯ ಪಕ್ಕಕ್ಕೇ ಇರುವುದರಿಂದ ಅವರ ದುಃಖವೆಲ್ಲ ನನ್ನ ಹೊಸ್ತಿಲ ಮೇಲೆ. ಒಬ್ಬ ನರ್ಸ್ ಡ್ಯೂಟಿಯ ಬಟ್ಟೆಯಲ್ಲೇ ಬಂದು ಮೂರನೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸಂಬಂಧಿಕಳೇ ಎಂದು ಕೇಳಿದೆ.

"ಇಲ್ಲ ಸಾರ್. ಅವರ ಪುಸ್ತಕ ಓದ್ತೀನಿ, ಅಷ್ಟೇ."

ಅಷ್ಟಕ್ಕೇ ಇಷ್ಟು ಅಳುವುದಾದರೆ ದಿನಾ ಪೇಪರ್ ಓದುವವರ ಗತಿಯೇನು?

ಎಲ್ಲರೂ ಅವರನ್ನು "ಅಜ್ಜ" ಎನ್ನುತ್ತಾರೆ. ಮದುವೆಯನ್ನೇ ಆಗದ ಮನುಷ್ಯನಿಗೆ ಊರು ತುಂಬ ಮೊಮ್ಮಕ್ಕಳು.

ಮನೆಯಲ್ಲಿ ನನ್ನ ಹೆಂಡತಿ, ಇವಳೂ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ಅಡುಗೆಗೆ ಎರಡು ಸಲ ಉಪ್ಪು ಬಿದ್ದಿದೆ. ನನ್ನಮ್ಮ ಹೋದಾಗಲೂ ನೀನು ಇಷ್ಟು ಅಳಲಿಲ್ಲ ಎಂದೆ. "ನಿಮ್ಮಮ್ಮ ಗಡಿಯಾರದವಳ ಕಥೆ ಬರೀಲಿಲ್ಲವಲ್ಲ" ಎಂದಳು.

ಗಡಿಯಾರದವಳು ಎಂದರೆ ಅವರ ಒಂಬತ್ತು ಪುಸ್ತಕಗಳ ನಾಯಕಿ. ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗಿ ಕೆಟ್ಟ ಗಡಿಯಾರ ರಿಪೇರಿ ಮಾಡುತ್ತಾಳಂತೆ. ಒಂದೊಂದು ಗ್ರಹದಲ್ಲಿ ಹಗಲು ಒಂದೊಂದು ಉದ್ದವಂತೆ. ನಾನು ಒಂದನ್ನೂ ಓದಿಲ್ಲ. ಇರುವ ಭೂಮಿಯ ಮೇಲೇ ನೋಡಲಿಕ್ಕೆ ಬೇಕಾದಷ್ಟಿದೆ.

ಫೆಬ್ರವರಿ ೬, ಗುರುವಾರ

ಜನ ಮೆಟ್ಟಿಲ ಮೇಲೆ ಹೂವಿಟ್ಟರೆ ಗುಡಿಸಿ ಹಾಕಬಹುದು. ಇವರು ಗಡಿಯಾರ ಇಡುತ್ತಿದ್ದಾರೆ. ಕೈಗಡಿಯಾರ, ಮೇಜಿನ ಗಡಿಯಾರ, ಪಟ್ಟಿ ಕಿತ್ತದ್ದು, ಮುಳ್ಳು ಬಿದ್ದದ್ದು. ಅಲಾರಂ ಗಡಿಯಾರಗಳೇ ಹನ್ನೊಂದಿವೆ. ಅವುಗಳಲ್ಲಿ ನಾಲ್ಕು ಕೆಟ್ಟಿಲ್ಲ. ಹತ್ತು ಗಂಟೆಗೊಂದು, ಹನ್ನೊಂದೂ ಕಾಲಿಗೊಂದು ಹೊಡೆದುಕೊಳ್ಳುತ್ತದೆ. ಗಿರಾಕಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, "ಈಗ ಚೆನ್ನಾಗಿ ಕಾಣ್ತಿದೆಯಾ, ಈಗಲಾ?" ಎನ್ನುವಷ್ಟರಲ್ಲಿ ಟ್ರ್ರ್ರ್. ಗಿರಾಕಿ ಎಗರಿಬಿದ್ದ. ಯಾವ ಲೆನ್ಸಿನಲ್ಲಿ ಎಗರಿದನೋ ನನಗೇ ಮರೆತುಹೋಯಿತು.

ಹೋಗಿ ನಾಲ್ಕನ್ನೂ ನಿಲ್ಲಿಸಿದೆ. "ಅಯ್ಯೋ, ಅಜ್ಜನ ಗಡಿಯಾರ ನಿಲ್ಲಿಸಿಬಿಟ್ರಾ!" ಎಂದು ಒಬ್ಬಳು ಕಣ್ಣೀರು ಹಾಕಿದಳು.

ತಲೆ ಚಿಟ್ಟು ಹಿಡಿದಿದೆ.

ಫೆಬ್ರವರಿ ೧೦, ಸೋಮವಾರ

ಇವತ್ತು ಹೊಸ ಪೀಡೆ. "ಅಜ್ಜ ಹಾಕ್ತಿದ್ದ ಫ್ರೇಮ್ ಇದೆಯಾ?" ಬೆಳಗ್ಗೆಯಿಂದ ಆರು ಜನ ಕೇಳಿದರು. ದಪ್ಪ ಅಂಚಿನ, ಕಂದು ಬಣ್ಣದ, ಈ ಕಾಲದಲ್ಲಿ ಯಾರೂ ಮುಟ್ಟದ ಫ್ರೇಮ್ ಅದು. ಕೊನೆಗೆ ಬಂದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ.

"ಪವರ್ ಕೂಡ ಅದೇ ಹಾಕಿಬಿಡಿ."

"ಸ್ವಾಮೀ, ಕಣ್ಣು ನಿಮ್ಮದು. ಅವರ ಪವರ್ ಹಾಕಿದರೆ ನೀವು ರಸ್ತೆ ದಾಟೋದು ಹೇಗೆ?"

"ಅವರು ನೋಡಿದ ಹಾಗೆ ನಾನೂ ನೋಡಬೇಕು ಸಾರ್."

ನಾನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಬಾಯಿ ಬಿಟ್ಟಿದ್ದರೆ ಏನು ಹೇಳಿಬಿಡುತ್ತಿದ್ದೆನೋ. ಯಾರಿಗೂ ಹೇಳಿಲ್ಲ, ಇವಳಿಗೂ ಹೇಳಿಲ್ಲ. ಇಲ್ಲಿ ಬರೆದರೆ ತಪ್ಪಾಗಲಾರದು. ಆ ಕನ್ನಡಕದಲ್ಲಿ ಪವರೇ ಇರಲಿಲ್ಲ. ಬರೀ ಗಾಜು.

ನಾಲ್ಕೂವರೆ ವರ್ಷದ ಹಿಂದೆ ಲೇಖಕರು ಕೆಳಗೆ ಬಂದು, "ಅಕ್ಷರದ ಸಾಲು ಡೊಂಕಾಗಿ ಕಾಣ್ತಿದೆ, ನಿಮ್ಮ ಕನ್ನಡಕ ಸರಿಯಿಲ್ಲ" ಎಂದು ಜಗಳ ತೆಗೆದರು. ಪರೀಕ್ಷೆ ಮಾಡಿದ ಕೂಡಲೇ ಕನ್ನಡಕದ ತಪ್ಪಲ್ಲವೆಂದು ಗೊತ್ತಾಯಿತು. ಕಣ್ಣಿನ ಆಸ್ಪತ್ರೆಗೆ ಕಳಿಸಿದೆ. ಎರಡೂ ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರಂತೆ. ಆರು ತಿಂಗಳಲ್ಲಿ ಓದುವುದು ನಿಂತಿತು. ಸುತ್ತಲಿನ ಅಂಚು ಮಾತ್ರ ಉಳಿಯಿತು. ಮೆಟ್ಟಿಲು ಗೊತ್ತಾಗುತ್ತಿತ್ತು, ಬಾಗಿಲು ಗೊತ್ತಾಗುತ್ತಿತ್ತು. ಮುಖ ಕಾಣುತ್ತಿರಲಿಲ್ಲ, ಅಕ್ಷರ ಕಾಣುತ್ತಿರಲಿಲ್ಲ, ಬಣ್ಣವೂ ಮಾಸಿಹೋಗಿತ್ತು.

ಆಮೇಲೊಂದು ದಿನ ಬಂದು, "ಇದೇ ಫ್ರೇಮಿಗೆ ಬರೀ ಗಾಜು ಹಾಕಿಕೊಡಿ" ಎಂದರು. ಯಾಕೆ ಎಂದೆ.

"ಕನ್ನಡಕ ಇಲ್ಲದೆ ಹೋದರೆ ಕೇಳ್ತಾರೆ. ಕಣ್ಣು ಹೋಗಿದೆ ಅಂತ ಗೊತ್ತಾದರೆ ಪುಸ್ತಕ ಬಿಟ್ಟು ನನ್ನ ಕಣ್ಣನ್ನೇ ಓದ್ತಾರೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಕೊನೆಯ ಎರಡು ಪುಸ್ತಕಗಳನ್ನು ಅವರು ಬಾಯಲ್ಲಿ ಹೇಳಿದರು, ತಂಗಿ ಟೈಪ್ ಮಾಡಿದರು. ಇಷ್ಟು ನನಗೆ ಗೊತ್ತು. ಗೊತ್ತಿಲ್ಲದಿದ್ದರೆ ಎಷ್ಟು ಹಾಯಾಗಿರುತ್ತಿತ್ತು.

ಫೆಬ್ರವರಿ ೨೦, ಗುರುವಾರ

ಓದುಗರಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದಾರೆ. ನನ್ನ ಹಳೆಯ ಗಿರಾಕಿಯೇ. ಅವರು ಓದುಗರ ಪತ್ರಿಕೆಯಲ್ಲಿ ಲೇಖನ ಬರೆದಿದ್ದಾರೆ. ಇವಳು ಊಟಕ್ಕೆ ಬಡಿಸುವುದನ್ನೂ ಬಿಟ್ಟು ಗಟ್ಟಿಯಾಗಿ ಓದಿದಳು.

ಮೊದಲ ಏಳು ಪುಸ್ತಕಗಳಲ್ಲಿ ಬಣ್ಣದ ಮಾತು ನಾಲ್ಕು ಸಾವಿರದ ನೂರ ಹನ್ನೆರಡು ಸಲ ಬಂದಿದೆಯಂತೆ. ಆಕಾಶದ ಬಣ್ಣ, ಮಣ್ಣಿನ ಬಣ್ಣ, ಬೆಳಕಿನ ಬಣ್ಣ. ಎಂಟನೆಯ ಮತ್ತು ಒಂಬತ್ತನೆಯ ಪುಸ್ತಕದಲ್ಲಿ ಒಂದು ಸಲವೂ ಇಲ್ಲ. ಕೆಂಪು ಎಂಬ ಪದವೇ ಇಲ್ಲ. ಮೊದಲು ವಾಕ್ಯಕ್ಕೆ ಸರಾಸರಿ ಹದಿನೇಳು ಪದ, ಕೊನೆಯ ಎರಡರಲ್ಲಿ ಏಳು. ಆದ್ದರಿಂದ ಇವೆರಡೂ ಅಜ್ಜನ ಪುಸ್ತಕಗಳಲ್ಲ, ಮುಪ್ಪಿನಲ್ಲಿ ಅಣ್ಣನ ಕೈ ಸೋತಾಗ ತಂಗಿ ತಾನೇ ಬರೆದು ಅವರ ಹೆಸರು ಹಾಕಿದ್ದಾಳೆ, ಎಂದು ತೀರ್ಮಾನ.

"ನನಗೂ ಹಾಗೇ ಅನ್ನಿಸಿತ್ತು" ಎಂದಳು ಇವಳು.

"ಏನು ಅನ್ನಿಸಿತ್ತು? ಒಂಬತ್ತನೆಯದು ಓದಿ ಮೂರು ದಿನ ಹೊಗಳಿದ್ದೆ."

"ಹೊಗಳುವಾಗಲೂ ಒಳಗೆ ಅನ್ನಿಸಿತ್ತು."

ಈ ಜನ ಕನ್ನಡಕ ಬದಲಿಸಿದಷ್ಟು ಸುಲಭವಾಗಿ ಅಭಿಪ್ರಾಯ ಬದಲಿಸುತ್ತಾರೆ.

ಫೆಬ್ರವರಿ ೨೪, ಸೋಮವಾರ

ಇವತ್ತು ನಾಲ್ಕೈದು ಜನ ಮೇಲೆ ಹೋಗಿ ಬಾಗಿಲು ತಟ್ಟಿದರು. ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಬೇಕೆಂದೇ ನಿಂತದ್ದಲ್ಲ, ಫ್ರೇಮಿನ ಪಾರ್ಸೆಲ್ ಬರುವುದಿತ್ತು.

"ಕೊನೆಯ ಎರಡರ ಕೈಬರಹದ ಪ್ರತಿ ತೋರಿಸಿ ಅಮ್ಮ, ಸಾಕು. ನಾವು ಹೊರಟುಹೋಗ್ತೀವಿ."

"ಕೈಬರಹ ಇಲ್ಲ. ನಾನೇ ಟೈಪ್ ಮಾಡಿದ್ದು."

"ಯಾವುದನ್ನ ನೋಡಿ ಟೈಪ್ ಮಾಡಿದ್ರಿ?"

ಬಾಗಿಲು ಮುಚ್ಚಿತು.

ಲೇಖಕರ ತಂಗಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಎಷ್ಟು ಮನೆಗಳ ಗುಟ್ಟು ಕಿವಿಯ ಮೇಲೆ ಬಿದ್ದಿದೆಯೋ, ಒಂದನ್ನೂ ಬಾಯಿಬಿಟ್ಟವರಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದಿಲ್ಲ. ಅವರು ಹೇಳದಿದ್ದರೆ ನಾನು ಹೇಳುವಂತಿಲ್ಲ. ಸತ್ತವರು ಆರಾಮವಾಗಿ ಹೋದರು, ನಾನಿಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಪಾರ್ಸೆಲ್ ಕಾಯಬೇಕು.

ಪಾರ್ಸೆಲ್ಲೂ ಬರಲಿಲ್ಲ.

ಮಾರ್ಚ್ ೨, ಭಾನುವಾರ

ಸಾಕಪ್ಪಾ ಸಾಕು.

ನಿನ್ನೆ ಸಂಜೆಯಿಂದ ಶುರುವಾಗಿ ಇವತ್ತು ಮಧ್ಯಾಹ್ನದವರೆಗೂ ಜನ ಬಂದು ಪುಸ್ತಕ ಎಸೆದು ಹೋದರು. ಎಂಟನೆಯದು, ಒಂಬತ್ತನೆಯದು. ಮೆಟ್ಟಿಲು ತುಂಬಿತು. ಮೆಟ್ಟಿಲು ತುಂಬಿದ ಮೇಲೆ ನನ್ನ ಬಾಗಿಲ ಮುಂದೆ. ಎಣಿಸಿದೆ, ಇನ್ನೂರ ಆರು. ಕೆಲವಕ್ಕೆ ಚೀಟಿ ಅಂಟಿಸಿದ್ದಾರೆ: "ಇದು ನಮ್ಮ ಅಜ್ಜನದಲ್ಲ." ಮೇಲಿನ ಬಾಗಿಲಿಗೆ ಯಾರೋ ಒಂದೇ ಪದ ಬರೆದ ಕಾಗದ ಅಂಟಿಸಿದ್ದರು: "ಕಳ್ಳಿ". ಅದನ್ನು ಕಿತ್ತು ಹರಿದು ಹಾಕಿದೆ. ಅಕ್ಕ ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ.

ಪುಸ್ತಕಗಳನ್ನು ಹೊತ್ತು ಹೊತ್ತು ಅಂಗಡಿಯೊಳಗೆ ಹಾಕಿದೆ. ಬೆನ್ನು ಹಿಡಿದುಕೊಂಡಿತು. ಹೊರದೆ ಬಿಟ್ಟಿದ್ದರೆ ನಾಳೆ ಬಾಗಿಲೆತ್ತುವಂತಿರಲಿಲ್ಲ, ಅದಕ್ಕೇ ಹೊತ್ತದ್ದು. ನೂರಕ್ಕೂ ಹೆಚ್ಚು ಒಳಗಿಟ್ಟ ಮೇಲೆ ಒಂದರ ಮೊದಲ ಪುಟ ತೆರೆದುಕೊಂಡಿತು. ಪರಿಚಯದ ಅಕ್ಷರ. ಇವಳ ಹೆಸರು.

"ನೀನೂನಾ?"

"ಹೌದು. ಮೋಸ ಹೋದವಳು ನಾನು. ನನಗೂ ಸಿಟ್ಟು ಬರುತ್ತೆ."

"ಇದ್ಯಾವ ಸಿಟ್ಟು? ಮೇಲಿರೋದು ಅರವತ್ತೇಳು ವರ್ಷದ ಒಂಟಿ ಹೆಂಗಸು."

"ಅಷ್ಟು ಕನಿಕರ ಇದ್ದರೆ ಹೇಳಿ, ಅವರು ಬರೀಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ನನಗೆ ಹೇಗೆ ಗೊತ್ತು! ನಾನು ಪುಸ್ತಕ ಕೆಳಗಿಟ್ಟು ಬೆನ್ನಿಗೆ ಮುಲಾಮು ಹುಡುಕಿಕೊಂಡು ಹೋದೆ.

ಮಾರ್ಚ್ ೫, ಬುಧವಾರ

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸ್ಟೂಲಿನ ಮೇಲೂ ಪುಸ್ತಕ. ಗಿರಾಕಿಯೂ ಇರಲಿಲ್ಲ. ಹೀಗಾಗಿ ಎಂಟನೆಯದನ್ನು ತೆರೆದೆ. ಓದಬೇಕೆಂದಲ್ಲ, ಅಂಥದ್ದೇನಿದೆ ಇದರಲ್ಲಿ, ಜನ ಹುಚ್ಚು ಹಿಡಿದವರ ಹಾಗೆ ಆಡಲು, ಎಂದು ನೋಡಲು.

ತಲೆಬುಡ ತಿಳಿಯಲಿಲ್ಲ. ಗಡಿಯಾರದವಳು ಯಾವುದೋ ಧೂಳಿನ ಗ್ರಹಕ್ಕೆ ಬಂದಿದ್ದಾಳೆ. ಅಲ್ಲಿ ಬೆಳಕೇ ಇಲ್ಲ. ಹಡಗಿನ ಕಪ್ತಾನನೊಂದಿಗೆ ಅವಳಿಗೆ ಮಾತಿಲ್ಲ. ಯಾಕೆ ಮಾತಿಲ್ಲ? ಎಲ್ಲೂ ಹೇಳಿಲ್ಲ. ಊಟದ ಹೊತ್ತಿಗೆ ಇವಳನ್ನು ಕೇಳಿದೆ.

"ಮೂರನೇದರಲ್ಲಿ ಅವಳ ಅಪ್ಪನ ಗಡಿಯಾರ ಅವನು ಕದ್ದಿದ್ದ. ಅವಳಿಗೆ ಐದನೇದರಲ್ಲಿ ಗೊತ್ತಾಯ್ತು" ಎಂದವಳು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ನಿಮಗ್ಯಾಕೆ ಅದು?"

"ಸುಮ್ಮನೆ."

ಮಾರ್ಚ್ ೯, ಭಾನುವಾರ

ಕಪ್ತಾನ ಶುದ್ಧ ಮೂರ್ಖ. ಅವಳು ಮೊದಲೇ ಹೇಳಿದ್ದಳು. ಕೇಳಿದ್ದರೆ ಹಡಗು ಉಳಿಯುತ್ತಿತ್ತು.

ಮಾರ್ಚ್ ೧೨, ಬುಧವಾರ

ಕೇಳುವವರಿಲ್ಲವೆಂದು ಏನು ಬೇಕಾದರೂ ಬರೆಯಬಹುದೇ?

ಎಂಟನೆಯದರ ಕೊನೆಯ ಭಾಗ. ಆ ಕತ್ತಲೆಯ ಗ್ರಹದ ಜನ ದಾರಿ ಹಿಡಿಯುವುದು ಸದ್ದಿನಿಂದ. ಎಲ್ಲಕ್ಕಿಂತ ದೊಡ್ಡ ಗುರುತು ಒಂದು ಅರೆಯುವ ಸದ್ದು. ಬೆಳಗಿನ ಮೊದಲ ಜಾವಕ್ಕೆ ಶುರುವಾಗುತ್ತದೆ. ಮೊದಲು ಸಣ್ಣಗೆ, ಆಮೇಲೆ ದಪ್ಪಗೆ, ಪ್ರತಿ ಸುತ್ತಿನಲ್ಲೂ ಎರಡು ಸಲ ಉಸಿರು ಹಿಡಿದ ಹಾಗೆ ನಿಂತು ಮುಂದೆ ಹೋಗುತ್ತದೆ. ಯಾರು ಅರೆಯುತ್ತಾರೆ, ಏನನ್ನು ಅರೆಯುತ್ತಾರೆ, ಯಾರಿಗೂ ಗೊತ್ತಿಲ್ಲ. ಆದರೆ ಅದು ಕೇಳುತ್ತಿರುವ ತನಕ ಯಾರೂ ದಾರಿ ತಪ್ಪುವುದಿಲ್ಲ. ಕೇಳದ ದಿನ ಜನ ಮನೆಯಿಂದ ಹೊರಗೆ ಬರುವುದಿಲ್ಲ.

ಎರಡು ಸಲ ನಿಂತು ಮುಂದೆ ಹೋಗುವುದು ನನ್ನ ಲೆನ್ಸ್ ಅರೆಯುವ ಯಂತ್ರ! ಬೆಲ್ಟ್ ಸಡಿಲವಾಗಿ ಏಳು ವರ್ಷವಾಯಿತು. ಪಕ್ಕದ ಟೈಲರ್ ಎಷ್ಟು ಸಲ ಗೊಣಗಿದ್ದಾನೋ, ಎದುರಿನ ಬ್ಯಾಂಕಿನವರೂ ದೂರು ಹೇಳಿದ್ದಾರೆ. ತಲೆಯ ಮೇಲೇ ಇದ್ದವರು ಮಾತ್ರ ಒಂದು ದಿನ ಬಾಯಿಬಿಡಲಿಲ್ಲ. ಈಗ ನೋಡಿದರೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಯಂತ್ರವನ್ನು ಎತ್ತಿಕೊಂಡು ಹೋಗಿ ಬೇರೆ ಗ್ರಹದಲ್ಲಿಟ್ಟಿದ್ದಾರೆ. ಹೋದ ವರ್ಷ ನನಗೆ ಜ್ವರ ಬಂದು ನಾಲ್ಕು ದಿನ ಅಂಗಡಿ ಮುಚ್ಚಿದ್ದಾಗ ಅಕ್ಕ ಬಂದು, "ಅಣ್ಣ ಕೇಳ್ತಿದ್ದಾನೆ, ಯಾವಾಗ ತೆಗೀತೀರಿ" ಎಂದದ್ದು ನೆನಪಿದೆ. ಕನ್ನಡಕದ ಕೆಲಸವಿರಬೇಕು ಅಂದುಕೊಂಡಿದ್ದೆ.

ಇವತ್ತು ಅರೆಯಬೇಕಾದ್ದು ಒಂದೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಯಂತ್ರ ಓಡಿಸಿದೆ. ಬೆಲ್ಟ್ ಹೇಗಿದೆ ನೋಡಬೇಕಿತ್ತು.

ಮಾರ್ಚ್ ೧೭, ಸೋಮವಾರ

ನಾಲ್ಕು ದಿನದಿಂದ ಅಕ್ಕ ಕೆಳಗೆ ಇಳಿದಿರಲಿಲ್ಲ. ಅವರ ಕನ್ನಡಕದ ತಿರುಪು ಬಿಗಿ ಮಾಡುವ ನೆಪ ಹಿಡಿದು ಮೇಲೆ ಹೋದೆ. ಕಿಟಕಿಗಳೆಲ್ಲ ಮುಚ್ಚಿವೆ. ಟೆಲಿಫೋನಿನ ತಂತಿ ಕಿತ್ತು ಸುತ್ತಿಟ್ಟಿದ್ದಾರೆ. ಬೈಯಲು ಫೋನ್ ಮಾಡುವವರಂತೆ, ದಿನಕ್ಕೆ ಇಪ್ಪತ್ತು ಮೂವತ್ತು. ನೆಲದ ಮೇಲೆ ಎರಡು ಪೆಟ್ಟಿಗೆ, ಅರ್ಧ ತುಂಬಿವೆ.

"ಇದೇನಕ್ಕ?"

"ತಿಂಗಳ ಕೊನೆಗೆ ಮನೆ ಬಿಡ್ತೀನಿ. ಗೆಳತಿ ಒಬ್ಬಳು ಬಾ ಅಂದಿದ್ದಾಳೆ."

"ನಾನು ಹೇಳಿಬಿಡ್ತೀನಿ. ಇವತ್ತೇ ಹೇಳ್ತೀನಿ. ಡಬ್ಬದಲ್ಲಿ ಅವರ ಕಣ್ಣಿನ ಕಾರ್ಡಿದೆ, ತಾರೀಖಿನ ಸಮೇತ."

"ಮಾತು ಕೊಟ್ಟಿದ್ದೀರಿ ಕನ್ನಡಕದೋರೇ."

"ಅವರೇ ಇಲ್ಲವಲ್ಲ ಈಗ."

"ಅದಕ್ಕೇ. ಇದ್ದಿದ್ದರೆ ಹೋಗಿ ನನ್ನ ಮಾತು ವಾಪಸ್ ಕೊಡಿ ಅಂತ ಕೇಳಬಹುದಿತ್ತು. ಈಗ ಯಾರನ್ನ ಕೇಳ್ತೀರಿ?"

"ನಿಮ್ಮನ್ನ ಕಳ್ಳಿ ಅಂತಿದ್ದಾರೆ!"

ಹೇಳಬಾರದಿತ್ತು. ಅವರು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. "ತಿರುಪು ಅಂದ್ರಲ್ಲ, ಬಿಗಿ ಮಾಡಿ" ಎಂದರು. ತಿರುಪು ಬಿಗಿಯಾಗಿಯೇ ಇತ್ತು. ಒರೆಸಿ ಕೊಟ್ಟೆ.

ಅಣ್ಣತಂಗಿ ಇಬ್ಬರೂ ಒಂದೇ ಜಾತಿಯ ಹಟಮಾರಿಗಳು. ಇವರ ಮಧ್ಯೆ ನನ್ನನ್ನು ಯಾಕೆ ಎಳೆದರು?

ಮಾರ್ಚ್ ೨೦, ಗುರುವಾರ

ಗಣಿತದ ಮೇಷ್ಟ್ರು ಕಣ್ಣು ತೋರಿಸಲು ಬಂದರು. ಓದುವಾಗ ಕಣ್ಣು ನೋಯುತ್ತದಂತೆ. ನೋಯದೆ ಏನು, ಒಂಬತ್ತು ಪುಸ್ತಕದಲ್ಲಿ ಬಣ್ಣ ಎಣಿಸಿದ ಕಣ್ಣು. ಕುರ್ಚಿಯಲ್ಲಿ ಕೂರಿಸಿ ಅಕ್ಷರದ ಪಟ ತೋರಿಸುತ್ತಿದ್ದೆ. ಅವರ ಬಾಯಿ ಸುಮ್ಮನಿರಲಿಲ್ಲ.

"ಒಂದೂ ಇಲ್ಲ ಸಾರ್. ಮೂರು ಸಲ ಎಣಿಸಿದೆ. ಸೊನ್ನೆ."

"ಸದ್ದು ಎಣಿಸಿದ್ರಾ?"

"ಏನು?"

"ಎಂಟನೆಯದರಲ್ಲಿ ಸದ್ದುಗಳು ಎಷ್ಟಿವೆ ಅಂತ ಎಣಿಸಿದ್ರಾ ಮೇಷ್ಟ್ರೇ?"

ನನಗೆ ಅಲ್ಲಿಯವರೆಗಿನ ಸಿಟ್ಟೆಲ್ಲ ಒಟ್ಟಿಗೆ ಬಂತು. ಪರೀಕ್ಷೆಯ ಫ್ರೇಮಿನಿಂದ ಲೆನ್ಸ್ ತೆಗೆದೆ. ಎರಡು ಬರೀ ಗಾಜು ಹಾಕಿ ಅವುಗಳ ನಟ್ಟನಡುವೆ ದುಂಡಗೆ ಕತ್ತರಿಸಿದ ಕಪ್ಪು ಕಾಗದ ಅಂಟಿಸಿದೆ. ಫ್ರೇಮನ್ನು ತಿರುಗಿ ಅವರ ಮೂಗಿನ ಮೇಲಿಟ್ಟೆ. ಕೈಗೆ ಎಂಟನೆಯ ಪುಸ್ತಕ ಕೊಟ್ಟೆ.

"ಓದಿ."

"ಕಾಣಲ್ಲ ಸಾರ್. ನಡುವೆ ಏನೋ ಅಡ್ಡ ಇದೆ." ಕಣ್ಣು ಹೊರಳಿಸಿ ಪಕ್ಕದಿಂದ ಇಣುಕಲು ನೋಡಿದರು.

"ಹೊರಳಿಸಬೇಡಿ. ಎತ್ತ ಹೊರಳಿಸಿದರೂ ಆ ಕಪ್ಪು ಕಣ್ಣಿನ ಜೊತೆಗೇ ಬರುತ್ತೆ ಅಂದ್ಕೊಳ್ಳಿ. ನನ್ನ ಮುಖ ನೋಡಿ."

"ಕಿವಿ ಕಾಣ್ತಿದೆ. ಮುಖ ಇಲ್ಲ."

"ಬಾಗಿಲು?"

"ಅದು ಗೊತ್ತಾಗುತ್ತೆ."

"ಎದ್ದು ಬಾಗಿಲ ತನಕ ನಡೆದು ಬನ್ನಿ."

ನಡೆದರು. ಎಲ್ಲೂ ಎಡವಲಿಲ್ಲ. ನೋಡಿದವರು ಕಣ್ಣು ಚೆನ್ನಾಗಿದೆ ಎಂದೇ ತಿಳಿಯುತ್ತಿದ್ದರು. ವಾಪಸ್ ಬರುವಾಗ ಪುಸ್ತಕದ ರಾಶಿಯ ಪಕ್ಕ ನಿಂತುಬಿಟ್ಟರು. ಆಮೇಲೆ ಕಪ್ಪು ಹಲಗೆಯ ಮುಂದೆ ಲೆಕ್ಕ ಬಿಡಿಸುವ ದನಿಯಲ್ಲಿ, ನನಗಲ್ಲ, ತಮಗೇ ಹೇಳಿಕೊಂಡರು.

"ಹೀಗಿದ್ದವನಿಗೆ ಬರೆಯೋಕಾಗಲ್ಲ. ಬಾಯಲ್ಲಿ ಹೇಳಬೇಕು. ಉದ್ದ ವಾಕ್ಯವಾದರೆ ಶುರು ಮಾಡಿದ್ದು ಕೊನೆಗೆ ಮರೆತುಹೋಗುತ್ತೆ. ಚಿಕ್ಕದು ಮಾಡಬೇಕು. ಏಳು ಪದ." ನನ್ನ ಕಡೆ ತಿರುಗಿದರು. "ಬಣ್ಣ... ಎಷ್ಟು ವರ್ಷ ಸಾರ್?"

"ನಾನೇನೂ ಹೇಳಿಲ್ಲ."

"ಎಷ್ಟು ವರ್ಷ ಹೀಗಿದ್ದರು?"

"ನಿಮ್ಮ ಓದುವ ಪವರ್ ಕಾಲು ಹೆಚ್ಚಾಗಿದೆ. ಶನಿವಾರ ಬನ್ನಿ."

ಫ್ರೇಮಿನ ಕೆಳಗಿನಿಂದ ನೀರು ಇಳಿದು ಮೀಸೆಯ ಮೇಲೆ ಬಂತು. ಫ್ರೇಮನ್ನು ತಾವೇ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು. ರಸ್ತೆಗಲ್ಲ, ಮೆಟ್ಟಿಲಿಗೆ. ಬಾಗಿಲು ತಟ್ಟುವುದು ಬಹಳ ಹೊತ್ತು ಕೇಳುತ್ತಿತ್ತು. ಕೊನೆಗೆ ತೆರೆಯಿತು.

ನಾನು ಮಾತು ಮುರಿದಿಲ್ಲ. ಕಾಗದ ಕತ್ತರಿಸಿದೆ, ಅಷ್ಟೇ. ಕಾಗದ ಕತ್ತರಿಸಬಾರದೆಂದು ಅವರೇನೂ ಹೇಳಿರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಇವಳು ನಿನ್ನೆ ಅಂಗಡಿಯ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಡಬ್ಬದಿಂದ ಅವರ ಕಣ್ಣಿನ ಕಾರ್ಡನ್ನೂ ತೆಗೆದು ತಾರೀಖು ನೋಡಿದ್ದಾಳೆ.

"ನಾಲ್ಕೂವರೆ ವರ್ಷ! ಒಂದೇ ಮನೇಲಿ ಇದ್ದುಕೊಂಡು!"

"ಮಾತು ಕೊಟ್ಟಿದ್ದೆ."

"ನನ್ನ ಪುಸ್ತಕ ನಾನೇ ಹೋಗಿ ಅವರ ಮೆಟ್ಟಿಲ ಮೇಲೆ ಎಸೆದು ಬಂದೆನಲ್ಲರೀ. ಅದನ್ನೂ ನೋಡಿಕೊಂಡು ಸುಮ್ಮನಿದ್ರಲ್ಲ!"

ಹೇಳಿದರೂ ತಪ್ಪು, ಬಿಟ್ಟರೂ ತಪ್ಪು. ಊಟ ಒಂದು ಡಬ್ಬಿಗೆ ತುಂಬಿಕೊಂಡು ಮೇಲೆ ಹೋದಳು. ಎರಡು ಗಂಟೆ ಬರಲಿಲ್ಲ. ಬಂದ ಮೇಲೂ ನನ್ನೊಂದಿಗೆ ಮಾತಿಲ್ಲ. ನನ್ನ ತಟ್ಟೆಯನ್ನು ಮಾತ್ರ ಟಣ್ಣೆಂದು ಇಟ್ಟಳು.

ಮಾರ್ಚ್ ೨೩, ಭಾನುವಾರ

ಮೇಷ್ಟ್ರು ಓದುಗರನ್ನೆಲ್ಲ ಕರೆಸಿದ್ದರು. ಅರವತ್ತು ಎಪ್ಪತ್ತು ಜನ, ಮೆಟ್ಟಿಲಿನಿಂದ ರಸ್ತೆಯವರೆಗೆ. ಮೇಷ್ಟ್ರು ಕೆಳಗಿನ ಮೆಟ್ಟಿಲ ಮೇಲೆ ನಿಂತು, "ನನ್ನ ಲೆಕ್ಕ ತಪ್ಪು. ಎರಡೂ ಪುಸ್ತಕ ಅಜ್ಜನದೇ. ಅಮ್ಮನವರ ಕ್ಷಮೆ ಕೇಳಬೇಕು" ಎಂದರು.

ಯಾಕೆ ತಪ್ಪು, ತೋರಿಸಿ ಎಂದು ಗದ್ದಲವೆದ್ದಿತು.

"ಅದನ್ನ ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ಲ ಅಂದ್ರೇನು? ಎಣಿಸಿದವರು ನೀವೇ ತಾನೇ?" "ಅವಳೇನು ಕೊಟ್ಟು ಬಾಯಿ ಮುಚ್ಚಿಸಿದಳು?" ಒಬ್ಬ ಪತ್ರಿಕೆಯನ್ನು ಮುದ್ದೆ ಮಾಡಿ ಅವರ ಎದೆಗೆ ಎಸೆದ. ಮೇಷ್ಟ್ರು ಮುದ್ದೆಯನ್ನು ಎತ್ತಿ, ಬಿಡಿಸಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಆ ಬಡಪಾಯಿಯನ್ನು ನೋಡಲಾರದೆ ನಾನೇ ಕೂಗಿಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಮೇಲಿನ ಬಾಗಿಲು ತೆರೆಯಿತು.

ಅಕ್ಕ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತರು. "ಅವರನ್ನ ಬಿಡಿ" ಎಂದರು. "ನಮ್ಮಣ್ಣನಿಗೆ ಕಣ್ಣು ಹೋಗಿತ್ತು. ಕೊನೆಯ ನಾಲ್ಕು ವರ್ಷ ಒಂದಕ್ಷರ ಓದಲಿಲ್ಲ, ಒಂದಕ್ಷರ ಬರೆಯಲಿಲ್ಲ. ಹೇಳ್ತಿದ್ದ, ನಾನು ಟೈಪ್ ಹೊಡೀತಿದ್ದೆ. ಯಾರಿಗೂ ತಿಳಿಯಬಾರದು ಅಂದಿದ್ದ. ಇವತ್ತು ಅವನ ಮಾತು ಮುರಿದೆ."

ಹಿಂದಿನಿಂದ ಯಾರೋ, "ನಂಬೋದು ಹೇಗೆ?" ಎಂದರು.

ಅಕ್ಕ ಕಣ್ಣು ಮುಚ್ಚಿದರು. ಕೈಗಳನ್ನು ಮಂಡಿಯ ಮೇಲಿಟ್ಟರು, ಬೆರಳುಗಳು ಟೈಪ್ ಮಾಡುವ ಹಾಗೆ ಆಡತೊಡಗಿದವು. ದನಿ ಅವರದೇ, ಆದರೆ ಎಳೆತ, ಕೆಮ್ಮು, ನಡುವೆ ನಿಲ್ಲುವುದು, ಎಲ್ಲ ಅವರ ಅಣ್ಣನದು.

"ಬರಿ. ಗಡಿಯಾರದವಳು ಬಾಗಿಲ ಹತ್ತಿರ ನಿಂತಳು. ಅಲ್ಲ. ನಿಂತರೆ ಸದ್ದಿಲ್ಲ, ತೆಗಿ ಅದನ್ನ. ಬಾಗಿಲಿಗೆ ಬೆರಳು ಬಡಿದಳು. ಮೂರು ಸಲ. ಬೇಡ, ಎರಡು ಮಾಡು, ಮೂರು ಅಂದ್ರೆ ಅವಳಿಗೆ ಅವಸರ ಅನ್ನಿಸುತ್ತೆ. ಅವಳಿಗೆ ಅವಸರ ಇಲ್ಲ, ಹೆದರಿಕೆ. ಒಳಗೆ ಯಾರೋ ನೀರು ಸುರಿದ ಸದ್ದು. ಬರೆದೆಯಾ? ಓದು ನೋಡೋಣ."

ಹೀಗೇ ಎರಡು ಪುಟ. ಆ ನರ್ಸ್ ನನ್ನ ಅಂಗಡಿಯೊಳಗೆ ನುಗ್ಗಿ ರಾಶಿಯಿಂದ ಒಂಬತ್ತನೆಯದೊಂದನ್ನು ತಂದು ಪುಟ ಹುಡುಕಿದಳು. ಬೆರಳಿಟ್ಟುಕೊಂಡು ಸಾಲು ಸಾಲು ಹಿಂಬಾಲಿಸಿದಳು. "ಎರಡು ಸಲ ಅಂತಲೇ ಇದೆ" ಎಂದಳು, ಮೆಲ್ಲಗೆ.

ಅಕ್ಕ ಕಣ್ಣು ತೆರೆದಾಗ ಯಾರೂ ಅಳುತ್ತಿರಲಿಲ್ಲ. ಅಷ್ಟು ದಿನ ಗಟ್ಟಿಯಾಗಿ ಅತ್ತವರೆಲ್ಲ ಸುಮ್ಮನೆ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋಗಿ ಅವರ ಮುಂದೆ ಒಂದು ಗಳಿಗೆ ನಿಂತು ಇಳಿದು ಬಂದರು. ಇವಳು ಎಲ್ಲರಿಗಿಂತ ಮುಂಚೆ ಹೋಗಿ ಅಕ್ಕನ ಪಕ್ಕದಲ್ಲೇ ಕೂತಿದ್ದಳು.

ಧೂಳು ಬಹಳ ಈ ರಸ್ತೆಯಲ್ಲಿ. ನನ್ನ ಕಣ್ಣು ಉರಿಯುತ್ತಿದೆ.

ಮಾರ್ಚ್ ೨೪, ಸೋಮವಾರ

ಶಿಸ್ತು ಎಂಬುದೇ ಇಲ್ಲ ಈ ಜನಕ್ಕೆ! ನಿನ್ನೆ ಹೋಗುವಾಗ ತಮ್ಮ ತಮ್ಮ ಪುಸ್ತಕ ತೆಗೆದುಕೊಂಡು ಹೋಗಿ ಎಂದರೆ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗಿದ್ದಾರೆ. ಇನ್ನೂರ ಆರರಲ್ಲಿ ಒಂದೂ ಉಳಿದಿಲ್ಲ. ನಿನ್ನೆ ಬರದವರ ಪಾಲನ್ನೂ ಯಾರೋ ಒಯ್ದಿದ್ದಾರೆ. ನಾನು ಓದುತ್ತಿದ್ದ ಒಂಬತ್ತನೆಯದೂ ಹೋಗಿದೆ. ಇನ್ನೂರ ಹನ್ನೆರಡನೆಯ ಪುಟದಲ್ಲಿ ಲೆನ್ಸ್ ಒರೆಸುವ ಬಟ್ಟೆ ಇಟ್ಟಿದ್ದೆ, ಬಟ್ಟೆಯ ಸಮೇತ! ಗಡಿಯಾರದವಳು ಬಾವಿಯೊಳಗಿದ್ದಾಳೆ. ಮೇಲೆ ಯಾರೋ ಹಗ್ಗ ಅಲ್ಲಾಡಿಸುತ್ತಿದ್ದಾರೆ. ಕಪ್ತಾನನೋ ಬೇರೆಯವರೋ ಗೊತ್ತಿಲ್ಲ. ಹೀಗೆ ಬಿಟ್ಟು ಅಂಗಡಿ ನಡೆಸುವುದು ಹೇಗೆ?

ಇವಳ ಪ್ರತಿಯೂ ಇಲ್ಲ. "ಯಾರು ಹಗ್ಗ ಅಲ್ಲಾಡಿಸಿದ್ದು, ಅದೊಂದು ಹೇಳು" ಎಂದೆ.

"ಹೇಳಲ್ಲ" ಎಂದಳು. ಮೂರು ದಿನದ ಮೇಲೆ ಆಡಿದ ಮೊದಲ ಮಾತು. "ನೀವು ನಾಲ್ಕೂವರೆ ವರ್ಷ ಹೇಳಿದ್ರಾ?"

ಒಯ್ದ ಪುಸ್ತಕ ತಂದುಕೊಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.

ಮಾರ್ಚ್ ೨೫, ಮಂಗಳವಾರ

ಇವಳ ಹೆಸರಿದ್ದ ಒಂಬತ್ತನೆಯದನ್ನು ನರ್ಸ್ ತಂದುಕೊಟ್ಟಳು. ಬೈಯಬೇಕೆಂದಿದ್ದೆ. ಕಪ್ತಾನನ ವಿಷಯ ಮಾತಿಗೆ ಬಂದು ಮುಕ್ಕಾಲು ಗಂಟೆ ಹೋಯಿತು. ಅವಳಿಗೆ ಅವನ ಮೇಲೆ ಕನಿಕರವಂತೆ. ಕನಿಕರ! ಒಪ್ಪಲಿಲ್ಲ ನಾನು.

ಮೇಲೆ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದಾರೆ. ಟೆಲಿಫೋನ್ ಹೊಡೆದುಕೊಂಡದ್ದು ಕೇಳಿಸಿತು.

ಮಾರ್ಚ್ ೨೭, ಗುರುವಾರ

ಬೆಳಗ್ಗೆ ತಿಂಡಿಯಾದ ಮೇಲೆ ಉಳಿದ ಹದಿನೆಂಟು ಪುಟವನ್ನು ಇವಳು ಗಟ್ಟಿಯಾಗಿ ಓದಿದಳು, ನಾನು ಕಣ್ಣು ಮುಚ್ಚಿ ಕೇಳಿದೆ. ಅದನ್ನು ಹಾಗೇ ಕೇಳಬೇಕು. ಕೊನೆಯ ಪುಟದಲ್ಲಿ ಗಡಿಯಾರದವಳು ಎಲ್ಲ ಗಡಿಯಾರಗಳನ್ನೂ ಒಪ್ಪಿಸಿ ಒಂದನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಳ್ಳುತ್ತಾಳೆ. ಯಾವುದನ್ನು ಎಂದು ಹೇಳಿಲ್ಲ. ಅಪ್ಪನದು ಎನ್ನುತ್ತಾಳೆ ಇವಳು. ನನಗೆ ಹಾಗನ್ನಿಸುವುದಿಲ್ಲ. ಅಕ್ಕನನ್ನು ಕೇಳಿದೆ. ಅಣ್ಣ ಅವರಿಗೂ ಹೇಳಿಲ್ಲವಂತೆ. ಹತ್ತೊಂಬತ್ತು ವರ್ಷ ನನ್ನ ತಲೆಯ ಮೇಲೆ ಓಡಾಡಿಕೊಂಡಿದ್ದವರು, ದಿನಕ್ಕೆ ಎರಡು ಸಲ ನನ್ನ ಬಾಗಿಲ ಮುಂದೆ ಹೋಗುತ್ತಿದ್ದವರು. ಯಾವಾಗ ಬೇಕಾದರೂ ಕರೆದು ಕೇಳಬಹುದಿತ್ತು.

ಅಂಗಡಿ ಒಂದು ಗಂಟೆ ತಡವಾಯಿತು. ಹೊರಗೆ ಕಾಯುತ್ತಿದ್ದ ಗಿರಾಕಿ ಕೈಗಡಿಯಾರ ನೋಡಿಕೊಂಡು, "ಏನು ಸಾರ್ ಇಷ್ಟೊತ್ತು" ಎಂದ.

"ಮನೆಯಲ್ಲಿ ಸಾವಾಗಿದೆ" ಎಂದೆ.

"ಅಯ್ಯೋ. ಯಾವಾಗ?"

"ಐವತ್ತೆರಡು ದಿನ ಆಯ್ತು."

ಅವನು ನನ್ನ ಮುಖವನ್ನೇ ನೋಡಿದ. ಏನು ನೋಡುವುದಿದೆ ಅದರಲ್ಲಿ? ಒಳಗೆ ಬಂದು ಕೂತ್ಕೊಳ್ಳಿ, ಕಣ್ಣು ತೋರಿಸಿ ಎಂದೆ.